ಒಬ್ಬಳಿಗೆ ಎಂಟು, ಒಬ್ಬಳಿಗೆ ಹದಿನಾರು

ಬ್ರಿಟನ್ನಿನ ಬೋರ್ಡಿಂಗ್ ಶಾಲೆಗಳಲ್ಲಿ ಕಾಲ ಬೇಗ ಓಡುತ್ತಿತ್ತು. ಇಲ್ಲಿ ಎಂಟು ವಾರ ಕಳೆಯುವಷ್ಟರಲ್ಲಿ ಅಲ್ಲಿ ಎಂಟು ವರ್ಷದ ಓದು ಮುಗಿಯುತ್ತಿದ್ದುದರಿಂದ ಅನುಕೂಲಸ್ಥರು ಬೇಸಿಗೆ ರಜೆಯಲ್ಲೇ ಮಕ್ಕಳನ್ನು ಕಳಿಸಿಬಿಡುತ್ತಿದ್ದರು. ಮೈಸೂರಿನ ದಂತವೈದ್ಯೆ ವಿನೋದಿನಿಯೂ ತನ್ನ ಎಂಟು ವರ್ಷದ ಅವಳಿ ಮಕ್ಕಳಲ್ಲಿ ಋತ್ವಿಯನ್ನು ಕಳಿಸಿದ್ದಳು. ಆಗ ಚಿಕನ್ ಪಾಕ್ಸ್ ಆಗಿ ಮನೆಯಲ್ಲೇ ಉಳಿದಿದ್ದ ಶ್ರಾವ್ಯಾ, ಋತ್ವಿ ಓದು ಮುಗಿಸಿ ಮರಳುವ ಇವತ್ತು ಹೊರಡಬೇಕಿತ್ತು.

ವಿಮಾನ ನಿಲ್ದಾಣದಲ್ಲಿ ವಿನೋದಿನಿಗಿಂತ ಎತ್ತರದ ಹುಡುಗಿಯೊಬ್ಬಳು ಎದುರು ಬಂದು ಕೈ ಕುಲುಕಿದಳು. ಗಲ್ಲದ ಮಚ್ಚೆ ನೋಡಿಯೇ ತಾಯಿ ಗುರುತು ಹಿಡಿಯಬೇಕಾಯಿತು.

ಟ್ರಂಕಿನ ಪಕ್ಕ ನಿಂತಿದ್ದ ಪುಟ್ಟ ಶ್ರಾವ್ಯಾಳನ್ನು ಕಂಡದ್ದೇ ಋತ್ವಿಯ ಮುಖ ಬಿಳಿಚಿಕೊಂಡಿತು. ಶ್ರಾವ್ಯಾಳನ್ನು ಕರೆದೊಯ್ಯಲು ಬಂದಿದ್ದ ಶಾಲೆಯ ಹೆಂಗಸು ನಗುತ್ತ ಮಗುವಿನ ಕೈ ಹಿಡಿಯಲು ಬಂದಾಗ ಋತ್ವಿ ಅಡ್ಡ ನಿಂತಳು.

"ಇವಳನ್ನ ಕಳಿಸ್ಬೇಡಮ್ಮಾ," ಎಂದು ತಡವರಿಸುತ್ತ ಕನ್ನಡದಲ್ಲಿ ಪಿಸುಗುಟ್ಟಿದಳು.

"ಯಾಕೆ ಪುಟ್ಟಿ? ಅಲ್ಲೇನಾಯ್ತು?"

ಋತ್ವಿ ಆ ಹೆಂಗಸಿನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ವಿನೋದಿನಿ ಟ್ರಂಕನ್ನು ಅಲ್ಲೇ ಬಿಟ್ಟು ಇಬ್ಬರನ್ನೂ ಎಳೆದುಕೊಂಡು ಹೊರಗೆ ಓಡಿದಳು.

ಕಾರು ಎಷ್ಟೋ ದೂರ ಬಂದರೂ ಋತ್ವಿ ಹಿಂದೆ ತಿರುಗಿ ನೋಡುತ್ತಲೇ ಇದ್ದಳು. ಕೊನೆಗೆ ಮೆಲ್ಲಗೆ ತಾಯಿಯ ತೋಳು ಮುಟ್ಟಿದಳು.

"ಅಮ್ಮಾ, ಇಲ್ಲಿ ಅಳಬಹುದಾ?"