ಅಪ್ಪನ ಮೆಷಿನ್ನಿನ ನೀರು

ಡಿಸ್ಟಿಲ್ಡ್ ವಾಟರ್ ಕ್ಯಾನಿನ ಸೀಲ್ ಒಡೆದಾಗಲೆಲ್ಲ ಎಡಿಸನ್ ಊರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಸಿಪ್ಯಾಪ್ ಮೆಷಿನ್ನಿಗೆಂದು ತಂದಿಟ್ಟಿದ್ದ ನೀರಿನಲ್ಲಿ, ಮೈಸೂರಿನಿಂದ ಬಂದಿದ್ದ ಅಜ್ಜಿ ದೇವರಿಗೆ ಅಭಿಷೇಕ ಮಾಡಿಬಿಟ್ಟಿದ್ದರು.

“ಸೀಲ್ ಇತ್ತಲ್ಲ, ಯಾರೂ ಮುಟ್ಟಿರಲಿಲ್ಲ. ಇದಕ್ಕಿಂತ ಮಡಿ ನೀರು ಎಲ್ಲಿ ಸಿಗತ್ತೆ?” ಎಂದರು.

“ಅಜ್ಜಿ, ದಟ್ಸ್ ಫಾರ್ ಡ್ಯಾಡ್ಸ್ ಬ್ರೀದಿಂಗ್!” ಎಂದು ಕೂಗಿದೆ. ನಿದ್ದೆಯಲ್ಲಿ ಅಪ್ಪನ ಉಸಿರು ನಿಲ್ಲದಂತೆ, ಆ ನೀರಿನಿಂದ ತೇವವಾದ ಗಾಳಿ ಊದುವ ಮೆಷಿನ್ ಅದು. ಅವರಿಗೆ ತೋರಿಸಲೆಂದು ಸ್ವಿಚ್ ಹಾಕಿ, ಮಾಸ್ಕನ್ನು ಕೈಗಿತ್ತೆ.

ಅಜ್ಜಿ ಆ ಗಾಳಿಯನ್ನು ಅಂಗೈಯಲ್ಲಿ ಹಿಡಿದು ನೋಡಿದರು, ಆಮೇಲೆ ಕೆನ್ನೆಗೆ ಹಿಡಿದರು.

“ನಿಮ್ಮ ತಾತಂಗೂ ಗೊರಕೆ ಮಧ್ಯೆ ಹೀಗೇ ಉಸಿರು ನಿಲ್ತಿತ್ತು. ನಾವೆಲ್ಲ ನಗ್ತಿದ್ವಿ.”

ಮರುದಿನದಿಂದ ದೇವರಿಗೆ ನಲ್ಲಿ ನೀರು. ಅಪ್ಪನ ಮೆಷಿನ್ನಿಗೆ ಮಾತ್ರ ಅಜ್ಜಿ ಸ್ನಾನ ಮಾಡಿ, ಮಡಿಯಲ್ಲೇ ನೀರು ತುಂಬುತ್ತಿದ್ದರು.