ಹನ್ನೆರಡು ರಾತ್ರಿಯ ಸಾಕ್ಷಿ

ಮೂರನೆಯ ಸಲವೂ ಕಂಪ್ಯೂಟರು ಅದನ್ನೇ ಹೇಳಿತು: ಈ ಫೋಲ್ಡರನ್ನು ಅಳಿಸಲು ನಿಮಗೆ ಅನುಮತಿ ಇಲ್ಲ.

"ನೋಡಿದ್ರಾ? ಬೆಳಗ್ಗೆಯಿಂದ ಇದೇ ರಾಗ," ಎಂದರು ಮೇಷ್ಟ್ರು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮನುಷ್ಯ, ಉತ್ತರ ಬಾರದ ಹುಡುಗನ ಹಾಗೆ ಬೆವರುತ್ತಿದ್ದರು.

ರಿಪೇರಿಯವನು ಗಡಿಯಾರ ನೋಡಿದ. ಮೂರೂವರೆ. "ಎಷ್ಟೊತ್ತಿಗೆ ಆಗ್ಬೇಕು ಸರ್?"

"ಐದಕ್ಕೆ ನನ್ನ ಹೆಂಡ್ತಿ ಬಸ್‌ಸ್ಟ್ಯಾಂಡಿಂದ ನಮ್ಮಮ್ಮನ್ನ ಕರ್ಕೊಂಡು ಬರ್ತಾಳೆ. ಅಷ್ಟರೊಳಗೆ ಇದು ಹೇಳಹೆಸರಿಲ್ಲದ ಹಾಗೆ ಹೋಗ್ಬೇಕು."

"ಒಳಗೇನಿದೆ?"

ಮೇಷ್ಟ್ರು ಕಿಟಕಿ ನೋಡಿದರು, ಬಾಗಿಲು ನೋಡಿದರು, ಕೊನೆಗೆ ತಮ್ಮ ಕಾಲ್ಬೆರಳು ನೋಡಿಕೊಂಡು ಹೇಳಿದರು: "ಗೊರಕೆ."

ನಗಬೇಡಿ. ಅವರ ಪಾಲಿಗೆ ಅದು ನಗುವ ವಿಷಯವಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ ಹೆಂಡತಿ ಕಣ್ಣು ಕೆಂಪಗೆ ಮಾಡಿಕೊಂಡು, "ರೀ, ನಿಮ್ಮ ಗೊರಕೆಗೆ ನನ್ನ ನಿದ್ದೆ ಮಣ್ಣುಪಾಲಾಯ್ತು" ಎಂದಿದ್ದಳು. ಅವತ್ತಿನಿಂದ ಮೇಷ್ಟ್ರು ಹಾಲ್‌ನ ಸೋಫಾ ಮೇಲೆ. ಮನುಷ್ಯ ಆರಡಿ, ಸೋಫಾ ನಾಲ್ಕೂವರೆ ಅಡಿ. ಉಳಿದ ಒಂದೂವರೆ ಅಡಿ ರಾತ್ರಿಯೆಲ್ಲ ಗಾಳಿಯಲ್ಲಿ. ಮಗ್ಗುಲಾಗಿ ಮಲಗಿ ನೋಡಿದರು. ಅರ್ಧ ಹೊಟ್ಟೆ ಉಂಡು ನೋಡಿದರು. ಗಲ್ಲಕ್ಕೆ ಟವೆಲ್ ಬಿಗಿದುಕೊಂಡೂ ನೋಡಿದರು. ಏನೂ ಗಿಟ್ಟಲಿಲ್ಲ. ಗೊರಕೆ ಈಗ ಗೋಡೆ ದಾಟಿ ಬರುತ್ತಿದೆಯಂತೆ!

ಅದಕ್ಕೇ ಅವಳು ತನ್ನ ಕೋಣೆಯಲ್ಲಿ ಮೊಬೈಲ್ ಇಟ್ಟು ಹನ್ನೆರಡು ರಾತ್ರಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ತುಂಬಿದ್ದಳು. ಇವತ್ತು ಸಂಜೆ ಅತ್ತೆಗೆ ಕೇಳಿಸಿ ತೀರ್ಪು ಪಡೆಯುವುದು. ತೀರ್ಪು ಏನೆಂಬುದನ್ನೂ ತಿಂಡಿ ಹೊತ್ತಿಗೇ ಹೇಳಿ ಹೋಗಿದ್ದಳು: ಮಹಡಿ ಮೇಲಿನ ಸಾಮಾನಿನ ಕೋಣೆ. ಅಲ್ಲಿ ಒಡೆದ ಬಕೆಟ್ಟು, ತುಕ್ಕು ಹಿಡಿದ ಸೈಕಲ್ಲು, ಇಲಿಗಳು. ಸೋಫಾದಲ್ಲಿದ್ದರೆ ಬಾಗಿಲಾಚೆ ಅವಳ ಬಳೆಯ ಸದ್ದಾದರೂ ಕೇಳುತ್ತಿತ್ತು. ಮಹಡಿ ಹತ್ತಿದರೆ ಅದೂ ಇಲ್ಲ. ನೆನೆಸಿಕೊಂಡರೆ ಮೇಷ್ಟ್ರಿಗೆ ಅಳುವೇ ಬರುತ್ತಿತ್ತು.

"ಬೀಗ ಹಾಕೋ ಪ್ರೋಗ್ರಾಮ್ ಹಾಕಿದ್ದಾರೆ ಸರ್. ಪಾಸ್‌ವರ್ಡ್ ಇಲ್ದೆ ತೆಗೆಯೋಕೂ ಬಿಡಲ್ಲ, ಅಳಿಸೋಕೂ ಬಿಡಲ್ಲ," ಎಂದ, ಕಥೆಯೆಲ್ಲ ಕೇಳಿಸಿಕೊಂಡ ರಿಪೇರಿಯವನು. "ಅಲ್ಲಾ, ನಾಲ್ಕು ಜನಕ್ಕೆ ಕೇಳಿಸ್ಬೇಕು ಅನ್ನೋರು ಯಾಕಿಷ್ಟು ಭದ್ರ ಮಾಡ್ತಾರೆ?"

"ನನ್ನ ಮೇಲೆ ನಂಬಿಕೆ ಇಲ್ಲ, ಅದಕ್ಕೆ."

ರಿಪೇರಿಯವನು ಪರದೆ ನೋಡಿದ, ಮೇಷ್ಟ್ರನ್ನು ನೋಡಿದ. "ಅದೂ ಸರೀನೇ ಬಿಡಿ."

ಅವನು ಕಂಪ್ಯೂಟರನ್ನು ಆರಿಸಿ, ಬೀಗದ ಪ್ರೋಗ್ರಾಮ್ ಏಳದ ಹಾಗೆ ಬೇರೆ ದಾರಿಯಿಂದ ಹೊತ್ತಿಸಿದ. ಪರದೆಯ ಮೇಲೆ ಕಪ್ಪು ಕಿಟಕಿಯೊಂದು ತೆರೆದು ಟಕಟಕನೆ ಏನೋ ಬಡಿದ. ಫೋಲ್ಡರು ಜಪ್ಪಯ್ಯ ಅನ್ನಲಿಲ್ಲ.

"ಇದರ ಯಜಮಾನಿಕೆ ಮೇಡಂ ಹೆಸರಲ್ಲಿದೆ. ನಿಮ್ಮ ಹೆಸರಿಗೆ ಮಾಡ್ಕೊಂಡ್ರೆ ಕೆಲಸ ಸಲೀಸು."

"ಮಾಡ್ರಿ ಮಾಡ್ರಿ. ಈ ಮನೇಲಿ ನನ್ನ ಹೆಸರಲ್ಲಿರೋದು ಕರೆಂಟ್ ಬಿಲ್ಲು ಒಂದೇ. ಇದೂ ಒಂದಾಗ್ಲಿ."

ನಾಲ್ಕು ಐವತ್ತಕ್ಕೆ ಫೋಲ್ಡರು ಸೋತು ಬಾಯಿ ಬಿಟ್ಟಿತು. ಒಳಗೆ ಸಾಲಾಗಿ ಹನ್ನೆರಡು ರೆಕಾರ್ಡಿಂಗ್.

"ಅಳಿಸೋ ಮುಂಚೆ ಒಂಚೂರು ಕೇಳಿಬಿಡಿ ಸರ್," ಎಂದ ರಿಪೇರಿಯವನು. "ಎಲ್ಲರಿಗೂ ಇದನ್ನೇ ಹೇಳ್ತೀನಿ. ಆಮೇಲೆ ಅಯ್ಯೋ ಅದು ಬೇಕಿತ್ತು ಅಂತ ಬಂದು ಗೋಳಾಡ್ತಾರೆ."

"ಬೇಡ ಮಾರಾಯ್ರೇ!" ಮೇಷ್ಟ್ರು ಹಾರಿ ಬಂದು ಸ್ಪೀಕರಿನ ವೈರನ್ನೇ ಕಿತ್ತರು. "ನನ್ನ ಮಾನ ನಾನೇ ಕೂತು ಕೇಳ್ಬೇಕಾ? ಒಂದು ಚೂರೂ ಉಳೀಬಾರ್ದು. ಯಾವ ಪುಣ್ಯಾತ್ಮ ಬಂದ್ರೂ ವಾಪಸ್ ತರೋಕಾಗ್ಬಾರ್ದು."

ರಿಪೇರಿಯವನು ಹೆಗಲು ಕುಣಿಸಿ ಗುಂಡಿ ಒತ್ತಿದ. ಹನ್ನೆರಡು, ಒಂಬತ್ತು, ನಾಲ್ಕು, ಸೊನ್ನೆ. ಆಮೇಲೆ ಆ ಜಾಗವನ್ನೂ ಉಜ್ಜಿ ತೊಳೆದ. ಮೇಷ್ಟ್ರು ಅವನು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಹಿಂಬಾಗಿಲಿನಿಂದ ಸಾಗಹಾಕಿದರು.

ಐದು ಗಂಟೆಗೆ ಅತ್ತೆ ಸೊಸೆ ಇಬ್ಬರೂ ಬಂದರು. ಕೈಕಾಲು ತೊಳೆದು, ಕಾಫಿ ಮುಗಿಸಿ, ಮೇಷ್ಟ್ರ ಅಮ್ಮ ಕುರ್ಚಿಯಲ್ಲಿ ನ್ಯಾಯಾಧೀಶರ ಹಾಗೆ ಕೂತರು. ಹೆಂಡತಿ ಕಂಪ್ಯೂಟರಿನ ಮುಂದೆ ಐದು ನಿಮಿಷ ತಡಕಾಡಿದಳು.

"ಅಯ್ಯೋ ಅತ್ತೆ, ಇಲ್ಲೇ ಇತ್ತು! ಹನ್ನೆರಡೂ ಮಾಯ!"

"ಯಾವತ್ತು ಇತ್ತೋ ಏನೋ," ಎಂದರು ಮೇಷ್ಟ್ರು, ಪೇಪರಿನ ಹಿಂದಿನಿಂದ.

"ನಂಗಂತೂ ಮೊದಲಿಂದ ಅನುಮಾನಾನೇ," ಎಂದರು ಅಮ್ಮ. "ಇವನು ಮಲಗಿದ್ರೆ ಉಸಿರಾಡ್ತಿದಾನೋ ಇಲ್ವೋ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡ್ತಿದ್ದೆ."

"ಅದು ಚಿಕ್ಕವರಿದ್ದಾಗ ಅತ್ತೆ. ಈಗ ಬಂದು ಕೇಳಿ."

"ಏಳರ ಬಸ್ಸಿಗೆ ವಾಪಸ್ ಹೋಗೋಳು ನಾನೆಲ್ಲಿ ಕೇಳ್ಲಿ? ಸಾಕ್ಷಿ ಇಲ್ದೆ ನನ್ನ ಮಗನ್ನ ಇಲಿಗಳ ಜೊತೆ ಮಲಗಿಸೋಕಾಗಲ್ಲಮ್ಮ. ಹಾಗಂತ ನಿನ್ನ ನಿದ್ದೆ ಕೆಡಿಸೋಕೂ ಆಗಲ್ಲ. ಈಗ ಹೇಗಿದೆಯೋ ಹಾಗೇ ಇರಲಿ. ಅವನು ಸೋಫಾದಲ್ಲಿ, ನೀನು ಒಳಗೆ."

"ನೀವು ಹೇಳಿದ ಹಾಗೇ ಆಗ್ಲಿ ಅತ್ತೆ," ಎಂದು ಹೆಂಡತಿ ತಲೆ ತಗ್ಗಿಸಿ ಒಳಗೆ ಹೋದಳು.

ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸೋಫಾ ಉಳಿಯಿತು! ಆಗಲೇ ಅದರ ಮೇಲೆ ಉದ್ದಕ್ಕೆ ಬಿದ್ದುಕೊಂಡು, ಹೊರಗುಳಿದ ಒಂದೂವರೆ ಅಡಿ ಕಾಲನ್ನು ಸಂತೋಷದಿಂದ ಆಡಿಸಿದರು.

ಒಳಗೆ ಅವರ ಹೆಂಡತಿ ಬಾಗಿಲು ಭದ್ರ ಮಾಡಿ, ಅಗಲ ಮಂಚದ ನಟ್ಟನಡುವೆ ಕೂತು ಫೋನ್ ಎತ್ತಿದಳು.

"ಅಕ್ಕಾ, ಪೀಡೆ ತೊಲಗ್ತು ಕಣೇ! ಅತ್ತೆಗೆ ಕೇಳಿಸ್ತೀನಿ ಅಂತ ಹೆದರಿಸಿದ್ದಕ್ಕೆ, ಪಾಸ್‌ವರ್ಡ್ ಮರೆತು ನನ್ನ ಕೈಲಿ ಅಳಿಸೋಕೇ ಆಗ್ದಿದ್ದನ್ನ ಅವರೇ ಯಾರಿಗೋ ದುಡ್ಡು ಕೊಟ್ಟು ಅಳಿಸಿದ್ರು. ಒಂದೇ ಒಂದು ಸಲ ಕೇಳಿದ್ರೆ ನಾನು ಸೋಫಾಗೆ ಹೋಗ್ಬೇಕಿತ್ತು. ಹನ್ನೆರಡು ರಾತ್ರೀದೂ ಗೊರಕೆ ನಂದೇ!"