ದಿಂಬಿನ ದಿಕ್ಕು

"ದಿಂಬು ಈ ಕಡೆ ಹಾಕು, ಚೋಮಿ," ಎಂದರು ಜಯಪ್ರಕಾಶ್ ಮೆಲ್ಲಗೆ. ಅತಿಥಿ ಎದುರಿಗೇ ಕೂತಿದ್ದರಿಂದ ಗದರುವಂತಿರಲಿಲ್ಲ.

ಜಪಾನಿಗೆ ಹನ್ನೊಂದು ದಿನ ಹೋಗಿಬಂದದ್ದೇ ತಡ, ಜಯಪ್ರಕಾಶ್ ಹುದಿಕೇರಿಯ ತಮ್ಮ ಹೋಮ್‌ಸ್ಟೇಯನ್ನು ಅಲ್ಲಿಯ ಬೆಟ್ಟದ ವಸತಿಮನೆಯಂತೆ ಮಾಡಿಬಿಟ್ಟಿದ್ದರು. ನೆಲಕ್ಕೆ ಚಾಪೆ, ಗಿಡ್ಡ ಮೇಜು, ಸಂಜೆ ಆರಕ್ಕೇ ಕೋಣೆಯಲ್ಲಿ ಊಟ. ಊಟವಾದ ಮೇಲೆ ಮೇಜು ಸರಿಸಿ ಅಲ್ಲೇ ಹಾಸಿಗೆ. ಎದ್ದು ಕೂತೊಡನೆ ದಕ್ಷಿಣದ ಬ್ರಹ್ಮಗಿರಿ ಕಾಣಲಿ ಎಂದು ದಿಂಬನ್ನು ಉತ್ತರಕ್ಕೆ ಇಡಿಸುತ್ತಿದ್ದರು. ಮಂಡಿ ನೋವಿಗೆ ಎಸ್ಟೇಟಿನ ಕಾಫಿ ಪಿಕ್ಕಿಂಗ್ ಬಿಟ್ಟು ಇಲ್ಲಿ ಸೇರಿದ್ದ ಚೋಮಿ ಎರಡು ಸಲ ಅದನ್ನು ತಿರುಗಿಸಿ ಬೈಸಿಕೊಂಡಿದ್ದಳು. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಬೆಳಿಗ್ಗೆಯೇ ಹೇಳಿಯಾಗಿತ್ತು.

ಇವತ್ತಿನ ಅತಿಥಿ ಬೇರೆ ಸಾಮಾನ್ಯದವರಲ್ಲ. ಮಿಚಿಕೊ, ಎಪ್ಪತ್ತು ದಾಟಿದ ಜಪಾನಿ ಹೆಂಗಸು. ತಮ್ಮ ದೇಶದ ಪ್ರವಾಸಿಗರನ್ನು ಇಲ್ಲಿಗೆ ಕಳಿಸಬಹುದೋ ಇಲ್ಲವೋ ಎಂದು ನೋಡಲು ಬಂದವರು. ಕಳಲೆ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಉಂಡಿದ್ದರು. ಆಗ ಜಯಪ್ರಕಾಶರಿಗೆ ಅರ್ಧ ಜೀವ ಬಂದಿತ್ತು. ಉಳಿದರ್ಧ ಈಗ ಚೋಮಿಯ ಕೈಯಲ್ಲಿತ್ತು.

"ಉತ್ತರಕ್ಕೆ ತಲೆ ಬೇಡ ಸಾರ್. ವಯಸ್ಸಾದೋರು ಬೇರೆ."

ಏನಂತೆ ಎಂದು ಮಿಚಿಕೊ ಕೇಳಿದರು. ಕೆಲಸದವಳ ಮೂಢನಂಬಿಕೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕು, ಜಯಪ್ರಕಾಶ್ ತಾವೇ ದಿಂಬನ್ನೆತ್ತಿ ಉತ್ತರದ ತುದಿಗೆ ಇಟ್ಟರು. ಈ ಮಂಡಿಗೆ ಇನ್ನೊಂದು ಕೆಲಸ ಎಲ್ಲೂ ಸಿಗುವುದಿಲ್ಲವೆಂದು ಚೋಮಿಗೆ ಗೊತ್ತು. ಆದರೂ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಬಗ್ಗಿ ಹಾಸಿಗೆಯ ತುದಿ ಹಿಡಿದಳು.

"ನಾಳೆಯಿಂದ ಬರ್ಬೇಡ," ಎಂದರು ಜಯಪ್ರಕಾಶ್, ಮುಖದ ನಗು ಕೆಡದಂತೆ.

ಮಿಚಿಕೊ ನೆಲಕ್ಕೆ ಕೈಯೂರಿ ಎದ್ದರು. ಕಿಟಕಿಯಾಚೆ ಸೂರ್ಯ ಮುಳುಗುತ್ತಿದ್ದ ಕಡೆ ನೋಡಿದರು, ಮತ್ತೆ ದಿಂಬನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಬಂದು ಹಾಸಿಗೆಯ ಇನ್ನೊಂದು ತುದಿ ಹಿಡಿದು ಚೋಮಿಯತ್ತ ತಲೆಯಾಡಿಸಿದರು. ಇಬ್ಬರೂ ಅದನ್ನು ತಿರುಗಿಸುವಾಗ ಜಯಪ್ರಕಾಶ್ ಗೋಡೆಗೆ ಅಂಟಿ ನಿಲ್ಲಬೇಕಾಯಿತು. ನಮ್ಮಲ್ಲಿ ಹಾಗೆ ಮಲಗಿಸುವುದು ಹೆಣವನ್ನು ಮಾತ್ರ, ಎಂದರು ಮಿಚಿಕೊ. ಜಪಾನಿನ ಈ ಪದ್ಧತಿಯನ್ನು ಇವಳಿಗೆ ಕಲಿಸಿದವರು ಯಾರು, ಕೇಳಿ ಹೇಳಿ ಎಂದರು.

ಜಯಪ್ರಕಾಶ್ ಕೇಳಲೇಬೇಕಾಯಿತು.

ಚೋಮಿ ದಿಂಬಿನ ಸುಕ್ಕು ಸವರುತ್ತಿದ್ದಳು. "ಕಲಿಯೋದಕ್ಕೇನುಂಟು ಸಾರ್? ಮಲಗಿದೋರು ಬೆಳಿಗ್ಗೆ ಏಳ್ಬೇಕಲ್ಲ."